ಕೊಡವದ ಚೀಲ

ಆಲ್ಡರ್ ಫೋರ್ಕ್, ವಾಷಿಂಗ್ಟನ್ ರಾಜ್ಯ
ಜನವರಿ 11, 1998

ಥೋರಾ,

ನಿನ್ನ ಅಮ್ಮನ ಅಂತ್ಯಕ್ರಿಯೆಯ ದಿನ ಚರ್ಚಿನ ಮೆಟ್ಟಿಲ ಮೇಲೆ ನೀನು ನನ್ನ ಕೈಕುಲುಕಿ ಹೋದೆ. ಆಮೇಲೆ ನಾನು ನಿನಗೆ ಬರೆಯುತ್ತಿರುವ ಮೊದಲ ಕಾಗದ ಇದು. ಕ್ಷೇಮಸಮಾಚಾರಕ್ಕಲ್ಲ, ಕೆಲಸವಿದೆ.

ಎಂಬತ್ತೆಕರೆ ನಿನಗೆ ನೆನಪಿರಬೇಕು, ಊರ ಹಿಂದಿನ ಇಳಿಜಾರು. ನಾನು ಚಿಕ್ಕವನಿದ್ದಾಗ ಮರದ ಕಂಪನಿ ಅದನ್ನು ಬೋಳು ಮಾಡಿತು. ತೊರೆಯ ದಂಡೆಯ ಮರಗಳನ್ನೂ ಬಿಡಲಿಲ್ಲ. ಮರುವರ್ಷದ ಮಳೆಗೆ ಗುಡ್ಡದ ಮಣ್ಣು ಇಳಿದು ಬಂದು ಶಾಲೆಯ ನೆಲಮಾಳಿಗೆಯಲ್ಲಿ ಕೂತಿತು. ಆಗ ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ, ಕೈಗೆ ಗುದ್ದಲಿಯನ್ನೂ ಫರ್ ಮರದ ಸಸಿಗಳನ್ನೂ ಕೊಟ್ಟು, ಇದು ದೇಶಸೇವೆ ಅಂದರು. ಕಡಿದವರು ಲಾಭ ಹೊತ್ತುಕೊಂಡು ಹೋದರು, ನೆಟ್ಟವರು ಶೀತ ಹಿಡಿಸಿಕೊಂಡು ಮನೆಗೆ ಹೋದೆವು. ಊರಿನಲ್ಲಿ ಇದನ್ನು ನೆನಪಿಟ್ಟುಕೊಂಡಿರುವವನು ಈಗ ನಾನೊಬ್ಬನೇ. ಊರಿಗೆ ನನ್ನ ಮೇಲಿರುವ ಸಿಟ್ಟಿನಲ್ಲಿ ಅರ್ಧ ಅದಕ್ಕೇ.

ಆ ಸಸಿಗಳನ್ನು ಇವತ್ತು ತಬ್ಬಿದರೆ ನನ್ನ ಎರಡು ಕೈಗಳ ಬೆರಳು ಒಂದಕ್ಕೊಂದು ತಾಗುವುದಿಲ್ಲ. ಈ ಬೇಸಿಗೆಯಲ್ಲಿ ಕಂಪನಿ ಮತ್ತೆ ಕಡಿಯುತ್ತದಂತೆ. ತಡೆಯುವ ದಾರಿ ಒಂದೇ ಇದೆ. ಸಿಯಾಟಲ್ ಕಡೆಯ ಒಂದು ಟ್ರಸ್ಟು ಕಾಡುಗಳನ್ನು ಕೊಂಡು ಉಳಿಸುತ್ತದೆ, ಕಂಪನಿಯೂ ಮಾರಲು ಒಪ್ಪಿದೆ. ಆದರೆ ಟ್ರಸ್ಟಿನವರು ನೆಟ್ಟ ತೋಟಕ್ಕೆ ದುಡ್ಡು ಹಾಕುವುದಿಲ್ಲವಂತೆ. ಅದು ತೋಟವಲ್ಲ, ಮತ್ತೆ ಕಾಡಾಗಿದೆ ಎಂದು ಏಪ್ರಿಲ್ ಕೊನೆಯೊಳಗೆ ತೋರಿಸಬೇಕು.

ತೋರಿಸುವುದು ಹೇಗೆ ಎಂದು ನಿನಗೆ ಹೇಳಬೇಕಾಗಿಲ್ಲ. ನಮ್ಮ ನಡೆಯುವ ಜೇಡ. ಬೇರೆ ಜೇಡಗಳ ಮರಿಗಳು ನೂಲು ಬಿಟ್ಟು, ಗಾಳಿಯಲ್ಲಿ ತೇಲಿ, ಬೇಕಾದಲ್ಲಿ ಇಳಿಯುತ್ತವೆ. ಇದು ತೇಲುವುದಿಲ್ಲ. ಹಳೆಯ ಕಾಡಿನ ಪಾಚಿ ಬಿಟ್ಟು ಬೇರೆ ಕಡೆ ಬದುಕುವುದಿಲ್ಲ. ಅದು ಎಂಬತ್ತೆಕರೆಯಲ್ಲಿ ಸಿಕ್ಕಿತೆಂದರೆ ಮೇಲಿನ, ಎಂದೂ ಕಡಿಯದ ಹಳೆಯ ತೋಪಿನಿಂದ ತಲೆಮಾರಿನ ಮೇಲೆ ತಲೆಮಾರು ನಡೆದೇ ಬಂದಿದೆ, ನೆಲ ಅದನ್ನು ಒಪ್ಪಿದೆ ಎಂದರ್ಥ. ಜಾತಿ ಖಚಿತವಾಗಲು ಪ್ರಾಯಕ್ಕೆ ಬಂದ ಗಂಡು ಬೇಕು, ಅದು ಸಿಗುವುದು ಈ ಚಳಿಯಲ್ಲಿ ಮಾತ್ರ. ಹಿಡಿಯಲು ನಾನಿದ್ದೇನೆ. ಸೂಕ್ಷ್ಮದರ್ಶಕದಲ್ಲಿ ನೋಡಿ ಹೌದೆನ್ನಲು ಪೊರೆ ಬಂದ ನನ್ನ ಕಣ್ಣು ಸಾಲದು. ಜೇಡಗಳ ವಿಷಯದಲ್ಲಿ ನಿನ್ನ ಮಾತನ್ನು ಟ್ರಸ್ಟು ಒಪ್ಪುತ್ತದೆ, ಕೇಳಿದ್ದೇನೆ.

ಡಾರ್ಲೀನಳ ಕೆಫೆಯಲ್ಲಿ ನಿನ್ನೆ ಇದೇ ಮಾತು. ಕಡಿಯುವ ಗುತ್ತಿಗೆ ರಸ್ ಲೆಹ್ಟೊನದು, ನನ್ನ ಹಳೆಯ ಶಿಷ್ಯನೇ. "ಮೇಷ್ಟ್ರೇ, ಗೂಬೆ ಮುಗೀತು, ಈಗ ಜೇಡಾನಾ? ಮುಂದಿನ್ ವರ್ಷ ಯಾವ್ದು, ಚಿಗಟಾನಾ?" ಅಂದ. ಎಲ್ಲರೂ ನಕ್ಕರು. ಗೂಬೆಯನ್ನು ಉಳಿಸಲು ಸರ್ಕಾರ ಕಾಡು ಕಡಿಯುವುದನ್ನು ನಿಲ್ಲಿಸಿದ್ದಕ್ಕೇ ಊರ ಮರದ ಗಿರಣಿ ಮುಚ್ಚಿತೆಂದು ಅವರ ನಂಬಿಕೆ. ಗಿರಣಿ ಮುಚ್ಚಿಸಿದ್ದು ಗೂಬೆಯಲ್ಲ, ದಿಮ್ಮಿಗಳನ್ನು ಸೀಳದೆ ಹಾಗೇ ಜಪಾನಿಗೆ ಹೊತ್ತ ಹಡಗುಗಳು ಎಂದೆ. ಯಾವ ವರ್ಷ ಎಷ್ಟು ಹಡಗು ಎಂದು ಶುರುಮಾಡುವಷ್ಟರಲ್ಲಿ ಎಲ್ಲರಿಗೂ ಕೆಲಸ ನೆನಪಾಯಿತು.

ನನ್ನ ನಂತರ ನಾನು ಹಿಡಿದಿಟ್ಟ ಜೇಡಗಳ ಕಪಾಟು ನಿನ್ನ ಸಂಗ್ರಹಾಲಯಕ್ಕೆ ಎಂದು ಬರೆದಿಟ್ಟಿದ್ದೇನೆ. ಅದಕ್ಕೆ ಪ್ರತಿಯಾಗಿ ಇದನ್ನು ಕೇಳುತ್ತಿಲ್ಲ.

ನಿನ್ನ ತಂದೆ,
ಹಾಲ್ವರ್ ಬ್ರೆಕ್ಕೆ


ಕೊಲಂಬಸ್, ಓಹಾಯೊ
ಜನವರಿ 22, 1998

ಅಪ್ಪ,

ಕಾಗದ ತಲುಪಿತು. ಶೀಶೆಗಳನ್ನು ಕಳಿಸಿ, ನೋಡುತ್ತೇನೆ. ಕಂಡದ್ದನ್ನು ನಿಮಗೂ ಟ್ರಸ್ಟಿಗೂ ಬರೆಯುತ್ತೇನೆ. ಮಗಳೆಂದು ಒಂದಕ್ಷರ ಹೆಚ್ಚಿಸುವುದಿಲ್ಲ, ಕಡಿಮೆ ಮಾಡುವುದೂ ಇಲ್ಲ. ನೀವು ಕೇಳಿದ್ದಕ್ಕೆ ಉತ್ತರ ಸಿಗುತ್ತದೆ.

ಕಪಾಟಿನ ವಿಷಯ ಸಂಗ್ರಹಾಲಯದವರಿಗೆ ಹೇಳಿದೆ, ಸಂತೋಷಪಟ್ಟರು. ಆ ಕಣಿವೆಯ ಅಷ್ಟು ವರ್ಷಗಳ ಜೇಡಗಳು ಬೇರೆ ಯಾರ ಬಳಿಯೂ ಇಲ್ಲ. ನನಗೂ ಒಂದು ವಸ್ತು ಬೇಕು: ಅಮ್ಮನ ಹೊಲಿಗೆ ಡಬ್ಬಿ. ನೀಲಿ ತಗಡಿನದು, ಮುಚ್ಚಳದ ಮೇಲೆ ಹಾಯಿದೋಣಿ ಇದೆ. ಸಿಕ್ಕರೆ ಶೀಶೆಗಳ ಜೊತೆಗೇ ಕಳಿಸಿ.

ಥೋರಾ


ಆಲ್ಡರ್ ಫೋರ್ಕ್
ಫೆಬ್ರವರಿ 3, 1998

ಥೋರಾ,

ಸಿಕ್ಕಿತು!

ಮೊದಲಿನಿಂದ ಹೇಳುತ್ತೇನೆ. ಭಾನುವಾರ ಹೋದೆವು. ನನಗೆ ಈಗ ಗಾಡಿ ಓಡಿಸಲಾಗುವುದಿಲ್ಲ. ಕೆಫೆಯ ಡಾರ್ಲೀನ್ ಪುಲ್ವರ್ ತನ್ನ ಪಿಕಪ್ ತೆಗೆದಳು. "ಇಷ್ಟ್ ವರ್ಷದಿಂದ ಮೇಷ್ಟ್ರು ಕಾಡಲ್ಲಿ ಮಂಡಿ ಊರಿ ಏನ್ ಹುಡುಕ್ತಾರೆ ಅಂತ ಊರೇ ಕೇಳತ್ತೆ. ಒಂದ್ಸಲ ನಾನೇ ನೋಡ್ಬಿಡ್ತೀನಿ" ಅಂದಳು. ತೀರಿಹೋದ ಗಂಡನ ಮಳೆಯಂಗಿ ಹಾಕಿಕೊಂಡು ಬಂದಳು. ಮರದಿಂದ ಬಿದ್ದ ಕಾಯಿಗಳನ್ನು ತಟ್ಟಿ ಒಳಗಿನ ಜೇಡಗಳನ್ನು ಉದುರಿಸಲು ಯಾವುದಾದರೂ ತಿಳಿಬಣ್ಣದ ಬಟ್ಟೆ ಸಾಕು ಎಂದಿದ್ದೆ. ಗುಲಾಬಿ ಹೂವಿನ ದಿಂಬಿನ ಚೀಲ ತಂದಿದ್ದಳು! ಒಗೆದು ಇಸ್ತ್ರಿ ಮಾಡಿದ್ದು, ಪೆಟ್ಟಿಗೆಯಿಂದ ಆಗಷ್ಟೇ ತೆಗೆದದ್ದು.

ಮೊದಲು ಮೇಲಿನ ಹಳೆಯ ತೋಪಿಗೆ ಹೋದೆವು. ಜೇಡ ಹೇಗಿರುತ್ತದೆಂದು ಅವಳಿಗೆ ತೋರಿಸಬೇಕಿತ್ತು. ನಿನ್ನ ಅಮ್ಮ ಹೊಲಿದ ಜರಡಿ ಚೀಲಕ್ಕೆ ಪಾಚಿ ತುಂಬಿ ಕುಲುಕಿ ನನ್ನ ಬಿಳಿ ಬಟ್ಟೆಯ ಮೇಲೆ ಸುರಿದೆ. ಡಾರ್ಲೀನ್ ಜೇಬಿನಲ್ಲಿ ಕೈಯಿಟ್ಟು ನೋಡುತ್ತ ನಿಂತಳು. ಅವಳ ದಿಂಬಿನ ಚೀಲ ಗಾಡಿಯಲ್ಲೇ ಮಡಿಸಿಕೊಂಡು ಬಿದ್ದಿತ್ತು. ಒಂದು ಹೆಣ್ಣು ಸಿಕ್ಕಿತು. ಈ ಚಳಿಯಲ್ಲಿ ಅವು ಧೂಳಿನ ಕಣದ ಹಾಗೆ ಮುದುಡಿ ಕೂತಿರುತ್ತವಲ್ಲ, ಬಗ್ಗಿ ಉಸಿರು ಬಿಟ್ಟೆ. ಬೆಚ್ಚಗಾಗಿ ಕಾಲು ಚಾಚಿತು. ಹೀಗೆ ಕಾಲು ಚಾಚಿದಾಗ ಹಿಡಿದು ಸ್ಪಿರಿಟ್ಟಿಗೆ ಹಾಕುವುದು ಎಂದೆ.

"ಬೆಚ್ಚಗ್ ಮಾಡಿ ಕೊಲ್ಲೋದಾ? ಒಳ್ಳೇ ಕಸುಬು ಮೇಷ್ಟ್ರೇ ನಿಮ್ದು" ಅಂದಳು.

ಆ ಹೆಣ್ಣನ್ನು ಪಾಚಿಗೇ ಬಿಟ್ಟೆ. ಗಾಡಿಯಲ್ಲಿ ಕೂತು ಹೊಗೆಯಾಡಿಸಿದ ಸಾಲ್ಮನ್ ಮೀನು ಇಟ್ಟ ಬ್ರೆಡ್ಡು ತಿಂದೆವು, ಅವಳ ಫ್ಲಾಸ್ಕಿನ ಕಾಫಿ ಕುಡಿದೆವು. ಅವಳ ಅತ್ತೆ ಕೊಟ್ಟ ಕಾಟದ ಕಥೆ ಕೇಳಿ ನಾನು ನಕ್ಕೆ, ಬಹಳ ದಿನದ ಮೇಲೆ. ಅಲ್ಲಿಂದ ಎಂಬತ್ತೆಕರೆಗೆ ಇಳಿದೆವು.

ಹಿಮ ಅಲ್ಲಲ್ಲಿ ತೇಪೆ ಹಾಕಿದಂತೆ ಉಳಿದಿತ್ತು. ಕೊಂಬೆಗಳಿಂದ ತೊಟ್ಟಿಕ್ಕುವ ನೀರು ಕುತ್ತಿಗೆಗೇ ಬೀಳುತ್ತಿತ್ತು. ನಾವು ಹುಡುಗರು ನೆಟ್ಟ ಸಾಲು ಈಗಲೂ ಸಾಲಾಗಿಯೇ ಇದೆ. ಆದರೆ ನಡುವೆ ತಾನಾಗಿ ಬಂದ ಹೆಮ್ಲಾಕ್ ಮರಗಳು ಆ ಸಾಲನ್ನು ಕೆಡಿಸಿವೆ. ಕೆಡಿಸಿದ ಕಡೆಯೆಲ್ಲ ಪಾಚಿ ಮೊಣಕೈವರೆಗೆ ಮುಳುಗುವಷ್ಟು ದಪ್ಪ. ಎರಡನೆಯ ಸಲ ಜರಡಿ ಸುರಿದಾಗ ಬಟ್ಟೆಯ ಅಂಚಿನಲ್ಲಿ ಒಂದು ಕಣ ಕಾಲು ಚಾಚಿತು. ಗಂಡು. ಬಾಯಿಯ ಬಳಿ ಗಂಡಿಗಷ್ಟೇ ಇರುವ ಎರಡು ಗುಂಡುಗಳು ಈ ಕಣ್ಣಿಗೂ ಕಂಡವು. ಒದ್ದೆ ಕುಂಚದ ತುದಿಯಿಂದ ಎತ್ತಿದೆ. ಡಾರ್ಲೀನಳೇ ಶೀಶೆ ಹಿಡಿದಳು.

ನಾನು ಜರಡಿ ಹಿಡಿದಿದ್ದ ಹೊತ್ತಿನಲ್ಲಿ ಅವಳು ಪಾಚಿಯೊಳಗೆ ಬಿದ್ದ ಫರ್ ಕಾಯಿಗಳನ್ನು ಒಂದೊಂದಾಗಿ ತನ್ನ ದಿಂಬಿನ ಚೀಲದೊಳಗೆ ತಟ್ಟುತ್ತಾ, ಅಲುಗಿದ್ದನ್ನೆಲ್ಲ ಶೀಶೆಗೆ ತುಂಬಿದಳು. ಅವಳ ಮನಸ್ಸು ನೋಯಬಾರದೆಂದು ಅದಕ್ಕೂ ಚೀಟಿ ಬರೆದು ಜೊತೆಗಿಟ್ಟಿದ್ದೇನೆ. ಮರಿಗಳೇ ಇರಬೇಕು. ಹೆಚ್ಚು ಹೊತ್ತು ಕಳೆಯಬೇಡ.

ಗಂಡನ್ನು ನೋಡು. ಬೇಗ ಬರೆ.

ಅಪ್ಪ


ಕೊಲಂಬಸ್
ಫೆಬ್ರವರಿ 24, 1998

ಅಪ್ಪ,

ಗಂಡು ನಡೆಯುವ ಜೇಡವೇ. ಪೂರ್ತಿ ಪ್ರಾಯದ್ದು. ಅದರಲ್ಲಿ ಅನುಮಾನವಿಲ್ಲ.

ಅನುಮಾನ ನಿಮ್ಮ ಚೀಟಿಯಲ್ಲಿದೆ. ಎಂಬತ್ತೆಕರೆ ಎಂದು ಬರೆದಿದ್ದೀರಿ. ಅದೇ ದಿನ, ಅದೇ ಜರಡಿ ಚೀಲವನ್ನು ಅದಕ್ಕೆ ಮೊದಲು ಹಳೆಯ ತೋಪಿನಲ್ಲಿ ಬಳಸಿದ್ದೀರಿ. ಏನು ತಿಂದಿರಿ, ಯಾರ ಅತ್ತೆಯ ಕಥೆ ಕೇಳಿದಿರಿ ಎಲ್ಲ ಬರೆದಿದ್ದೀರಿ. ಚೀಲವನ್ನು ಒಳಮೈ ಹೊರಗೆ ಮಾಡಿ ಕೊಡವಿದೆ ಎಂಬ ಸಾಲು ಎಲ್ಲೂ ಇಲ್ಲ. ಅದನ್ನು ಮಾಡಿದ್ದರೆ ನೀವು ಬರೆಯದೆ ಬಿಡುವವರಲ್ಲ. ಆದ್ದರಿಂದ ಕೊಡವಿಲ್ಲ. ಈ ಗಂಡು ತೋಪಿನಿಂದ ನಡೆದು ಬಂದಿತೋ ನಿಮ್ಮ ಚೀಲದಲ್ಲಿ ಕೂತು ಬಂದಿತೋ ನನಗೆ ಗೊತ್ತಿಲ್ಲ. ನಿಮಗೂ ಗೊತ್ತಿಲ್ಲ. ಟ್ರಸ್ಟಿಗೆ ಇಷ್ಟನ್ನೇ ಬರೆದಿದ್ದೇನೆ.

ನನಗೆ ಆಗ ಹನ್ನೊಂದು ವರ್ಷ. ತೊರೆಯ ಬದಿಯಲ್ಲಿ ಒಂದು ಸಲ, ಗುಡ್ಡದ ಮೇಲೆ ಒಂದು ಸಲ ಜರಡಿ ಹಿಡಿದಿದ್ದೆ, ನಡುವೆ ಚೀಲ ಕೊಡವಲು ಮರೆತಿದ್ದೆ. ಸಂಜೆ ನೀವು ಕೇಳಿದಿರಿ. ನಾನು ಸುಳ್ಳು ಹೇಳಲಿಲ್ಲ. ನೀವು ನನ್ನ ಆ ಚಳಿಗಾಲದ ಶೀಶೆಗಳನ್ನೆಲ್ಲ ಅಡುಗೆಮನೆಯ ಸಿಂಕಿನ ಬಳಿ ತಂದಿರಿ. ಆ ದಿನದ್ದಷ್ಟೇ ಅಲ್ಲ, ಎಲ್ಲವನ್ನೂ. ಒಂದೊಂದರ ಚೀಟಿಯನ್ನೂ ಗಟ್ಟಿಯಾಗಿ ಓದಿ, ಸುರಿದು, ನಲ್ಲಿ ಬಿಟ್ಟಿರಿ. ನಿಮ್ಮ ಮಾತು ನನಗೆ ಬಾಯಿಪಾಠ: "ಒಂದ್ ಅನುಮಾನ ಬಂದ್ರೆ ಎಲ್ಲಾ ಅನುಮಾನಾನೇ. ಅತ್ರೆ ಜೇಡ ವಾಪಸ್ ಬರಲ್ಲ." ಅಮ್ಮ ಪಕ್ಕದಲ್ಲಿ ತಟ್ಟೆ ಒರೆಸುತ್ತಾ ನಿಂತಿದ್ದರು.

ನೀವು ಕೇಳಿದ್ದು ಆ ಗಂಡಿನ ಬಗ್ಗೆ. ಅದರ ಬಗ್ಗೆ ಇಷ್ಟೇ. ಟ್ರಸ್ಟಿನ ಗಡುವು ಏಪ್ರಿಲ್ ಕೊನೆಯವರೆಗಿದೆ. ಬೇರೆ ಏನಾದರೂ ಕೇಳುವುದಿದ್ದರೆ ಅಷ್ಟರೊಳಗೆ ಕೇಳಿ.

ಹೊಲಿಗೆ ಡಬ್ಬಿ ಬಂದಿಲ್ಲ.

ಥೋರಾ


ಆಲ್ಡರ್ ಫೋರ್ಕ್
ಮಾರ್ಚ್ 22, 1998

ಥೋರಾ,

ನಿನ್ನ ಕಾಗದ ಬಂದ ದಿನವೇ ಅದಕ್ಕೆ ಒಂದು ಉತ್ತರ ಬರೆದು ಒಲೆಗೆ ಹಾಕಿದೆ. ಇದು ಎರಡನೆಯದು.

ಕೊಡವಲಿಲ್ಲ. ಡಾರ್ಲೀನ್ ಮಾತಾಡುತ್ತಿದ್ದಳು, ಕಾಫಿ ಬಿಸಿಯಾಗಿತ್ತು, ಚೀಲವನ್ನು ಗಾಡಿಯ ಹಿಂದಕ್ಕೆ ಎಸೆದೆ. ನೀನು ಬರೆದದ್ದು ಸರಿ. ನಾನೇ ಟ್ರಸ್ಟಿಗೆ ಫೋನು ಮಾಡಿ ಆ ಜೇಡವನ್ನು ಲೆಕ್ಕಕ್ಕೆ ಇಟ್ಟುಕೊಳ್ಳಬೇಡಿ ಎಂದೆ. ಅಲ್ಲಿಯ ಹುಡುಗಿ ನನ್ನ ಪ್ರಾಮಾಣಿಕತೆಗೆ ಧನ್ಯವಾದ ಹೇಳಿದಳು. ಈ ದೇಶದಲ್ಲಿ ಪ್ರಾಮಾಣಿಕತೆಗೆ ಕೊಡುವುದು ಅದೊಂದನ್ನೇ.

ಆಮೇಲೆ ಎಂಬತ್ತೆಕರೆಗೆ ಮತ್ತೆ ಮತ್ತೆ ಹೋದೆ. ಚೀಲವನ್ನು ಪ್ರತಿ ಸಲವೂ ಒಳಮೈ ಹೊರಗೆ ಮಾಡಿ, ಮರಕ್ಕೆ ಬಡಿದು ಕೊಡವಿದೆ. ಮಂಡಿ ಊದಿಕೊಂಡಿತು. ನನ್ನ ಚೀಲಕ್ಕೆ ಮತ್ತೆ ಗಂಡು ಬೀಳಲಿಲ್ಲ. ಮಾರ್ಚ್ ಬಂದರೆ ಗಂಡುಗಳು ಸಾಯುತ್ತವೆ ಎಂದು ನಿನಗೆ ಕಲಿಸಿದ್ದು ನಾನೇ. ಇನ್ನು ಹುಡುಕುವುದರಲ್ಲಿ ಅರ್ಥವಿಲ್ಲ. ನಿನ್ನಲ್ಲಿ ಕೇಳುವಂಥದ್ದು ಇನ್ನೇನೂ ಉಳಿದಿಲ್ಲ.

ಕೆಫೆಯಲ್ಲಿ ಎಲ್ಲರಿಗೂ ಗೊತ್ತಾಗಿದೆ. ರಸ್ ಲೆಹ್ಟೊ ಅಣಕಿಸುತ್ತಾನೆಂದು ಕಾದೆ. ಅವನು ಎದುರಿಗೆ ಬಂದು ಕೂತು, ಟೋಪಿ ತೆಗೆದು ಮೇಜಿನ ಮೇಲಿಟ್ಟ. "ಮೇಷ್ಟ್ರೇ, ಚೀಲ ಕೊಡವ್ದೆ ಅಂತ ಒಂದ್ ಮಾತು ಬರ್ದಿದ್ರೆ ಯಾರಿಗ್ ಗೊತ್ತಾಗ್ತಿತ್ತು? ನಿಮ್ ಮಗಳೇ ತಾನೇ ನೋಡಿದ್ದು?" ಅಂದ. ಅದಕ್ಕೇ ಅವಳಿಗೆ ಕಳಿಸಿದ್ದು ಎಂದೆ. "ನಿಮ್ ಮನೇಲಿ ಹುಟ್ಟೋದ್ಕಿಂತ ನಿಮ್ ಕ್ಲಾಸಲ್ಲಿ ಫೇಲಾಗಿದ್ದೇ ವಾಸಿ ಬಿಡಿ" ಎಂದು ಎದ್ದುಹೋದ. ನನ್ನ ಕಾಫಿಗೂ ಅವನೇ ದುಡ್ಡು ಕೊಟ್ಟು ಹೋಗಿದ್ದ.

ಅಪ್ಪ


ಆಲ್ಡರ್ ಫೋರ್ಕ್
ಆಗಸ್ಟ್ 9, 1998

ಥೋರಾ,

ಜುಲೈಯಲ್ಲಿ ಕಡಿಯಲು ಶುರುಮಾಡಿದರು, ಮೊನ್ನೆ ಮುಗಿಸಿದರು. ದಿನವೂ ಹೋಗಿ ರಸ್ತೆಯಂಚಿನಲ್ಲಿ ಮಡಿಸುವ ಕುರ್ಚಿ ಹಾಕಿ ಕೂತೆ. ನೋಡುವುದು ನಿಲ್ಲಿಸಿದರೆ ನಾಳೆ ಇಲ್ಲಿ ಕಾಡೇ ಇರಲಿಲ್ಲ ಅನ್ನುತ್ತಾರೆ, ಒಂದು ಸಲ ಅಂದಿದ್ದಾರೆ ಕೂಡ. ಒಂದು ದಿನ ರಸ್ ಗರಗಸ ನಿಲ್ಲಿಸಿ ಬಂದ. "ನೀವ್ ನೆಟ್ಟಿದ್ದು ಯಾವ್ದು ಮೇಷ್ಟ್ರೇ? ಅದನ್ನ ಕೊನೇಗ್ ಬಿಡ್ತೀನಿ" ಅಂದ. ಸಾಲಿನಲ್ಲಿ ನನ್ನದು ಯಾವುದೆಂದು ನನಗೆ ಗೊತ್ತಿರಲಿಲ್ಲ. ಹಾಗೆಂದು ಹೇಳಲು ನಾಚಿಕೆಯಾಗಿ ಒಂದನ್ನು ತೋರಿಸಿದೆ. ಅದನ್ನು ಕೊನೆಗೆ ಕಡಿದ.

ಬಿಸಿಲು ಬಿದ್ದ ಪಾಚಿ ಎರಡೇ ದಿನಕ್ಕೆ ಒಣಗಿ ತೆಂಗಿನ ನಾರಿನಂತಾಯಿತು. ಅದರಲ್ಲಿ ಏನಿತ್ತೋ ಅದು ಈಗಿಲ್ಲ.

ಬರೆದ ಕಾರಣ ಬೇರೆ. ಡಾರ್ಲೀನ್ ಕೆಫೆಯಲ್ಲಿ ತಟ್ಟೆ ಇಡುತ್ತಾ ಕೇಳಿದಳು: "ಅದ್ಸರಿ ಮೇಷ್ಟ್ರೇ, ನನ್ ದಿಂಬಿನ ಚೀಲದ್ದು ಏನಾಯ್ತು? ಅದರಲ್ಲೂ ಏನೋ ಓಡಾಡ್ತಿತ್ತಲ್ಲ?" ನಾನು ಮರೆತೇಬಿಟ್ಟಿದ್ದೆ. ಅವಳ ಸಮಾಧಾನಕ್ಕೆ, ಅದರಲ್ಲಿ ಯಾವ ಮರಿಗಳಿದ್ದವೆಂದು ಒಂದು ಸಾಲು ಬರೆ.

ಅಪ್ಪ


ಕೊಲಂಬಸ್
ಸೆಪ್ಟೆಂಬರ್ 1, 1998

ಅಪ್ಪ,

ಕೇಳಿದ್ದೀರಿ, ಹೇಳುತ್ತೇನೆ.

ಡಾರ್ಲೀನ್ ಪುಲ್ವರ್ ಅವರ ಶೀಶೆಯಲ್ಲಿ ಬೇರೆ ಜೇಡಗಳ ಮರಿಗಳ ನಡುವೆ ನಡೆಯುವ ಜೇಡದ ಒಂದು ಗಂಡು, ಒಂದು ಹೆಣ್ಣು ಇದ್ದವು. ಎರಡೂ ಪ್ರಾಯದವು. ದಿಂಬಿನ ಚೀಲ ಮನೆಯಿಂದ ನೇರ ಬಂದದ್ದು, ತೋಪಿನಲ್ಲಿ ಗಾಡಿಯಿಂದ ಇಳಿದಿರಲಿಲ್ಲ, ಮೊದಲು ಬಿಚ್ಚಿದ್ದು ಎಂಬತ್ತೆಕರೆಯಲ್ಲಿ. ಎಲ್ಲವನ್ನೂ ನೀವೇ ಬರೆದಿದ್ದೀರಿ. ಅದಕ್ಕಿಂತ ಶುದ್ಧವಾದ ಸಾಕ್ಷಿಯನ್ನು ನಾನು ನೋಡಿಲ್ಲ. ಅವು ನಡೆದೇ ಬಂದಿದ್ದವು.

ಫೆಬ್ರವರಿಯಲ್ಲೇ ನೋಡಿದ್ದೆ. ಶೀಶೆಯನ್ನು ನನ್ನ ಮೇಜಿನ ಮೇಲೆ ದೀಪದ ಪಕ್ಕದಲ್ಲಿಟ್ಟು ಕಾದೆ. ಬೇರೆ ಏನಾದರೂ ಕೇಳುವುದಿದ್ದರೆ ಕೇಳಿ ಎಂದು ಬರೆದೆ. ನೀವು ನಿಮ್ಮ ಚೀಲದ ಬಗ್ಗೆ, ನಿಮ್ಮ ಮಂಡಿಯ ಬಗ್ಗೆ, ನಿಮ್ಮ ಪ್ರಾಮಾಣಿಕತೆಯ ಬಗ್ಗೆ ಬರೆದಿರಿ. ಇನ್ನೊಬ್ಬರ ಕೈಗೆ ಏನಾದರೂ ಸಿಕ್ಕಿರಬಹುದೆಂದು ನಿಮಗೆ ಹೊಳೆಯಲಿಲ್ಲ. ಒಂದು ಸಾಲು ಸಾಕಿತ್ತು. ಈಗ ಡಾರ್ಲೀನ್ ಕೇಳಿದ ಸಾಲೇ ಆಗ ಸಾಕಿತ್ತು.

ಗಡುವು ಮುಗಿದ ಮರುದಿನ ಶೀಶೆಯನ್ನು ಸಿಂಕಿನ ಬಳಿ ಒಯ್ದೆ. ಚೀಟಿಯನ್ನು ಗಟ್ಟಿಯಾಗಿ ಓದಿದೆ: ಎಂಬತ್ತೆಕರೆ, ಬಿದ್ದ ಫರ್ ಕಾಯಿ, ಹಿಡಿದವರು ಡಾರ್ಲೀನ್ ಪುಲ್ವರ್. ಸುರಿದು ನಲ್ಲಿ ಬಿಟ್ಟೆ. ಒಂದು ಅನುಮಾನ ಬಂದರೆ ಎಲ್ಲವೂ ಅನುಮಾನವೇ. ಆ ದಿನದ್ದಷ್ಟೇ ಅಲ್ಲ, ಎಲ್ಲವೂ. ನಿಯಮ ನಿಮ್ಮದು.

ಬೆಚ್ಚಗೆ ಮಾಡಿ ಕೊಲ್ಲುವುದು ನಿಮ್ಮ ಕಸುಬು ಎಂದರಂತೆ ಡಾರ್ಲೀನ್. ನನ್ನ ನೆನಪಿನಲ್ಲಿ ನೀವು ಬೆಚ್ಚಗೆ ಮಾಡಿದ್ದು ಜೇಡಗಳನ್ನು ಮಾತ್ರ.

ಥೋರಾ


ಆಲ್ಡರ್ ಫೋರ್ಕ್
ಜನವರಿ 17, 1999

ಥೋರಾ,

ಡಾರ್ಲೀನಳಿಗೆ ಮರಿಗಳಿದ್ದವು ಎಂದೆ. "ಗೊತ್ತಿತ್ತು ಬಿಡಿ, ನನ್ ಕೈಗೆ ಇನ್ನೇನ್ ಸಿಗತ್ತೆ" ಎಂದು ನಕ್ಕಳು. ನನ್ನ ಜೀವಮಾನದಲ್ಲಿ ಜೇಡದ ವಿಷಯದಲ್ಲಿ ಹೇಳಿದ ಸುಳ್ಳು ಇದೊಂದೇ. ಊರಲ್ಲಿ ನಿನ್ನ ಹೆಸರು ಹಾಗೇ ಉಳಿದಿದೆ.

ನವೆಂಬರಿನಲ್ಲಿ ಕಣ್ಣಿನ ಪೊರೆ ತೆಗೆಸಿದೆ. ಈಗ ಎಲ್ಲವೂ ಅಗತ್ಯಕ್ಕಿಂತ ಚೆನ್ನಾಗಿ ಕಾಣುತ್ತದೆ. ಜರಡಿ ಚೀಲದ ಬಾಯಿಯ ಮಡಿಕೆಯಲ್ಲಿ ಹೊಲಿಗೆ ಒಂದು ಕಡೆ ಬಿಟ್ಟಿದ್ದು ಕಂಡಿತು. ಪೂರ್ತಿ ಬಿಚ್ಚಿ ನೋಡೋಣವೆಂದು ಕತ್ತರಿ ಹುಡುಕಿದೆ, ಅದಕ್ಕಾಗಿ ನಿನ್ನ ಅಮ್ಮನ ಹೊಲಿಗೆ ಡಬ್ಬಿ ತೆಗೆದೆ. ಡಬ್ಬಿಯ ವಿಷಯ ಆಮೇಲೆ ಹೇಳುತ್ತೇನೆ. ಮಡಿಕೆಯೊಳಗೆ ಒಣಗಿದ ಜೇಡಗಳಿದ್ದವು. ಕಾಲು, ಬೆನ್ನು, ಪುಡಿ. ಯಾವ ಚಳಿಗಾಲದವು, ಯಾವ ಕಾಡಿನವು, ಹೇಳಲು ಬರುವುದಿಲ್ಲ. ಒಳಮೈ ಹೊರಗೆ ಮಾಡಿ ಎಷ್ಟು ಕೊಡವಿದರೂ ಆ ಮಡಿಕೆ ಬಾಯಿ ಬಿಡುತ್ತಿರಲಿಲ್ಲ. ಅಂದರೆ ಈ ಚೀಲ ಹೊಲಿದಂದಿನಿಂದ ನಾನು ಹಿಡಿದದ್ದೆಲ್ಲ ಅನುಮಾನವೇ.

ರಸ್ ಲೆಹ್ಟೊನನ್ನು ಕರೆದೆ, ಕಪಾಟಿನ ಖಾನೆಗಳು ಭಾರ. ಎಲ್ಲಿಗೆ ಒಯ್ಯಬೇಕು ಎಂದು ಕೇಳಿದ. ಸಿಂಕಿಗೆ ಎಂದೆ. ಅವನು ಮೊದಲ ಖಾನೆಯನ್ನು ಎದೆಗೆ ಒತ್ತಿ ಹಿಡಿದುಕೊಂಡು ಬಾಗಿಲಲ್ಲೇ ನಿಂತ. "ಮೇಷ್ಟ್ರೇ, ನಾನ್ ಮರ ಕಡಿಯೋನು. ನನ್ ಕೈಲಾಗಲ್ಲ ಇದು" ಎಂದು ನೆಲಕ್ಕಿಟ್ಟು ಹೋದ. ಒಬ್ಬನೇ ಮಾಡಿದೆ. ಹಲವು ದಿನ ಹಿಡಿಯಿತು. ಪ್ರತಿಯೊಂದರ ಚೀಟಿಯನ್ನೂ ಓದಿ ಸುರಿದೆ. ನಿನ್ನ ಸಂಗ್ರಹಾಲಯದವರಿಗೆ ಹೇಳು, ಕಪಾಟು ಬೇಕಿದ್ದರೆ ಇದೆ, ಒಳ್ಳೆಯ ಮರದ್ದು.

ಇನ್ನು ಡಬ್ಬಿ. ನೂಲಿನ ಉಂಡೆಗಳ ಕೆಳಗೆ, ಉಣ್ಣೆಯ ತುಂಡಿನಲ್ಲಿ ಸುತ್ತಿದ ಒಂದು ಶೀಶೆ ಇತ್ತು. ಒಳಗೆ ಪೆನ್ಸಿಲಿನ ಚೀಟಿ, ದೊಡ್ಡ ದೊಡ್ಡ ಅಕ್ಷರ: ಹೆಮ್ಲಾಕ್ ಬುಡ, ಪಾಚಿ, ಹಿಡಿದವರು ಥೋರಾ ಬ್ರೆಕ್ಕೆ. ನಾನು ಅಂದು ಸುರಿಯುತ್ತಿದ್ದಾಗ ನಿನ್ನ ಅಮ್ಮ ಅಲ್ಮಾ ಪಕ್ಕದಲ್ಲೇ ನಿಂತಿದ್ದಳೆಂದು ನೀನೇ ಬರೆದಿದ್ದೀಯೆ. ಅವಳ ಏಪ್ರನ್ನಿಗೆ ಜೇಬಿತ್ತು. ಇಷ್ಟು ವರ್ಷಕ್ಕೆ ಸ್ಪಿರಿಟ್ ಆರಿ ಜೇಡ ಪುಡಿಯಾಗಿರಬೇಕಿತ್ತು, ಆದರೆ ಶೀಶೆ ಬಾಯಿಯವರೆಗೆ ತುಂಬಿತ್ತು. ಬದುಕಿರುವವರೆಗೂ ತುಂಬಿಸುತ್ತಾ ಬಂದಿದ್ದಾಳೆ. ನನಗೆ ಹೇಳಲಿಲ್ಲ. ನಿನಗೂ ಹೇಳಲಿಲ್ಲ. ಡಬ್ಬಿ ನಿನ್ನ ಕೈಸೇರುತ್ತದೆಂದು ನಂಬಿದ್ದಳೇನೋ.

ನೀನು ಕೇಳಿದ ಡಬ್ಬಿಯನ್ನು ಈ ಕಾಗದದ ಜೊತೆ ಕಳಿಸಿದ್ದೇನೆ. ಸೂಜಿಗಳು, ನೂಲು, ಕತ್ತರಿ ಎಲ್ಲ ಅದರಲ್ಲೇ ಇವೆ. ಶೀಶೆಯೂ ಇದೆ, ತೊಳೆದು ಒರೆಸಿಟ್ಟಿದ್ದೇನೆ. ಆ ಜೇಡ ಬಂದದ್ದೂ ಇದೇ ಚೀಲದಿಂದ. ಚೀಟಿಯನ್ನು ಗಟ್ಟಿಯಾಗಿ ಓದಿ ಕೊನೆಯದಾಗಿ ಅದನ್ನು ಸುರಿದೆ.

ಸುರಿಯುವ ಮುಂಚೆ ಭೂತಗನ್ನಡಿ ಹಿಡಿದು, ಈ ಹೊಸ ಕಣ್ಣಿನಿಂದ ಚೆನ್ನಾಗಿ ನೋಡಿದೆ. ಯಾವ ಜೇಡವೆಂದು ನನಗೆ ಗೊತ್ತು. ಕೇಳಿದರೆ ಹೇಳುತ್ತೇನೆ.

ಹಾಲ್ವರ್ ಬ್ರೆಕ್ಕೆ